ಜಗಲಿಯಲ್ಲಿ ಹೇಳಿದ್ದು, ಸಭೆಯಲ್ಲಿ ಹೇಳಿದ್ದು

ನಮ್ಮ ಕೇರಿಯವರಿಗೆ ಬಾಯಿಲ್ಲ ಎಂದು ಯಾರಾದರೂ ಹೇಳಿದರೆ ಅವರು ನಮ್ಮ ಕೇರಿಗೆ ಕಾಲಿಟ್ಟವರೇ ಅಲ್ಲ. ಬೆಳಿಗ್ಗೆ ಮೀನಿನವಳು ಬುಟ್ಟಿ ಇಳಿಸುವ ಹೊತ್ತಿಗೆ ಶುರುವಾದ ಮಾತು ದೀಪ ಹಚ್ಚುವವರೆಗೂ ನಿಲ್ಲುವುದಿಲ್ಲ. ಪುರಸಭೆಯಿಂದ ಹಿಡಿದು ದೆಹಲಿಯವರೆಗೆ ಎಲ್ಲರನ್ನೂ ಒಗೆದು, ಹಿಂಡಿ, ಒಣಗಲು ಹಾಕಿಯೇ ಮುಂದಿನ ಕೆಲಸ. ಅದೇ ಜನರನ್ನು ಒಂದು ಸಭೆಗೆ ಕರೆದು, ಕುರ್ಚಿ ಮೇಲೆ ಕೂರಿಸಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿ ನೋಡಿ. ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಕೇಳಿಸದು.

ನಮ್ಮ ಪೇಟೆಯ ಹೆಸರನ್ನು ನಾನು ಬರೆಯುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರರ ಸೀಮೆಯೊಳಗೆ ಎಲ್ಲೋ ಒಂದು ಕಡೆ ಎಂದುಕೊಂಡರೆ ಸಾಕು. ಹೆಸರು ಬರೆದರೆ ನಾಳೆ ಬೆಳಿಗ್ಗೆಯೇ ಅಂಗಡಿ ಬಾಗಿಲಿಗೆ ಬಂದು, "ಅಕ್ಕ, ಅದ್ ನನ್ ಬಗ್ಗೆ ಬರ್ದದ್ದ್ ಅಲ್ದಾ?" ಎಂದು ಕೇಳುವವರಿದ್ದಾರೆ. ಅಂಗಡಿ ಎಂದರೆ ದೊಡ್ಡದೇನಲ್ಲ. ಮನೆಯ ಮುಂದಿನ ಚಾವಡಿಯಲ್ಲಿ ಎರಡು ಹೊಲಿಗೆ ಮೆಷಿನು, ಒಂದು ಕನ್ನಡಿ, ಒಂದು ಪರದೆ. ನಾನು ರವಿಕೆ ಹೊಲಿಯುವವಳು. ಅಳತೆ ಕೊಡುತ್ತಾ ನಿಂತ ಹೆಂಗಸರು ಹೇಳದ ವಿಷಯವಿಲ್ಲ, ಹಾಗಾಗಿ ಕೇರಿಯ ಒಳಗಿನ ಸುದ್ದಿಗೆ ನಾನು ಬೇರೆಲ್ಲೂ ಹೋಗಬೇಕಾಗಿಲ್ಲ.

ಕೇರಿಯ ಕೊನೆಯಲ್ಲಿ, ಹೊಳೆಗೆ ಇಳಿಯುವ ದಾರಿಯ ಬದಿಗೆ, ಒಂದು ಸರ್ಕಾರಿ ಬಾವಿ ಇದೆ. ನಮಗೆಲ್ಲ ಮನೆಮನೆಗೂ ಬಾವಿ ಉಂಟು, ಆದರೆ ಶಿವರಾತ್ರಿ ಕಳೆಯುತ್ತಲೇ ಅವುಗಳಲ್ಲಿ ಹೊಳೆಯ ಉಪ್ಪು ಏರಲು ಶುರುವಾಗುತ್ತದೆ. ಯುಗಾದಿಯ ಹೊತ್ತಿಗೆ ಸಾಬೂನು ನೊರೆ ಬರುವುದಿಲ್ಲ. ಅಲ್ಲಿಂದ ಒಂದು ಒಳ್ಳೆಯ ಮಳೆ ಬೀಳುವವರೆಗೆ ಆ ನೀರು ಬಟ್ಟಲು ತೊಳೆಯಲಿಕ್ಕಷ್ಟೆ. ನಲ್ಲಿ ನೀರು ಬಂದರೆ ಬಂತು, ಬಂದ ದಿನವೂ ಅದರಲ್ಲಿ ಗಂಜಿ ಬೇಯಿಸಿದರೆ ಆಸ್ಪತ್ರೆಯ ವಾಸನೆ. ಸರ್ಕಾರಿ ಬಾವಿಯೊಂದು ಮಾತ್ರ ಕಡು ಬೇಸಗೆಯಲ್ಲೂ ಸಿಹಿ. ಅದು ಹಾಗೇಕೆ ಎಂದು ಯಾರಿಗೂ ಗೊತ್ತಿಲ್ಲ, ಗೊತ್ತಿದೆ ಎನ್ನುವವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ.

ಈ ಬಾವಿಯ ನೀರು ಎಲ್ಲರಿಗಿಂತ ಹೆಚ್ಚು ಬೇಕಾದವರು ನನ್ನ ಪಕ್ಕದ ಮನೆಯ ಚಿಕ್ಕಮ್ಮ. ಸಂಬಂಧದಲ್ಲಿ ಚಿಕ್ಕಮ್ಮ ಅಲ್ಲ, ಕರೆದು ಕರೆದು ಚಿಕ್ಕಮ್ಮ ಆದವರು. ಬಾರ್ಕೂರಿನಿಂದ ಮದುವೆಯಾಗಿ ಬಂದವರು, ಗಂಡ ತೀರಿಕೊಂಡ ಮೇಲೆ ಅಕ್ಕಿ ಸಂಡಿಗೆ ಮಾಡಿ ಮಾರುತ್ತಾ ಮನೆ ನಡೆಸಿದವರು. ಕೋಟದ ಅಂಗಡಿಗಳಿಗೆ ಅವರ ಸಂಡಿಗೆಯೇ ಆಗಬೇಕು. ಮುಂಬೈಯಲ್ಲಿ ಹೋಟೆಲು ಇಟ್ಟವರು ಊರಿಗೆ ಬಂದು ಹೋಗುವಾಗ ಗೋಣಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಸಂಡಿಗೆಗೆ ಬಿಸಿಲು ಬೇಕು, ಬಿಸಿಲಿನ ದಿನಗಳಲ್ಲೇ ಮನೆ ಬಾವಿ ಉಪ್ಪು. ಉಪ್ಪು ನೀರಿನಲ್ಲಿ ಹಿಟ್ಟು ಕಾಯಿಸಿದ ಸಂಡಿಗೆ ಎಣ್ಣೆಯಲ್ಲಿ ಅರಳುವುದಿಲ್ಲ, ಮಳೆ ಶುರುವಾದ ಕೂಡಲೇ ಡಬ್ಬದೊಳಗೇ ಮೆತ್ತಗಾಗುತ್ತದೆ. ಆ ಬಾವಿ ಹೋದರೆ ಚಿಕ್ಕಮ್ಮನ ಒಲೆಯೇ ಆರಿತೆಂದು ತಿಳಿಯಬೇಕು.

ಇಂಥ ಬಾವಿಯ ಕಟ್ಟೆಗೇ ಪುರಸಭೆಯವರು ಒಂದು ದಿನ ನೋಟೀಸು ಅಂಟಿಸಿ ಹೋದರು. ಬಳಕೆಯಲ್ಲಿಲ್ಲದ ಸಾರ್ವಜನಿಕ ಬಾವಿಗಳಿಂದ ಅಪಾಯ ಇರುವುದರಿಂದ ಅವುಗಳನ್ನು ಮುಚ್ಚಿ, ಆ ಜಾಗವನ್ನು ಸಾರ್ವಜನಿಕ ಉಪಯೋಗಕ್ಕೆ ತೆಗೆದುಕೊಳ್ಳುವುದು ಎಂಬ ಹೊಸ ನಿಯಮ. ನಮ್ಮ ಬಾವಿಯ ಜಾಗದಲ್ಲಿ ಬೈಕು ನಿಲ್ಲಿಸುವ ವ್ಯವಸ್ಥೆ. ಆಕ್ಷೇಪಣೆ ಇದ್ದವರು ಒಂದು ತಿಂಗಳೊಳಗೆ ತಿಳಿಸಬೇಕು, ನಡುವೆ ಇಂಥ ದಿನ ಪುರಸಭೆಯ ಸಭಾಂಗಣದಲ್ಲಿ ಸಾರ್ವಜನಿಕರ ಅಹವಾಲು ಕೇಳಲಾಗುವುದು. ಬೈಕು ನಿಲ್ಲಿಸಲು ಪೇಟೆಯಲ್ಲಿ ಜಾಗವಿಲ್ಲ ಎನ್ನುವುದೂ ಸುಳ್ಳಲ್ಲ. ನನ್ನ ಅಂಗಡಿಯ ಮೆಟ್ಟಿಲಿಗೇ ತಂದು ಒರಗಿಸುವವರಿದ್ದಾರೆ.

ಕೇರಿಯಲ್ಲಿ ಬೆಂಕಿ ಬಿದ್ದಂತಾಯಿತು. ಎಲ್ಲರೂ ನಮ್ಮ ವಾರ್ಡಿನ ಸದಸ್ಯನ ಮನೆಗೆ ಓಡಿದರು. ಅವನು ನಮ್ಮ ಕೇರಿಯಲ್ಲೇ ಹುಟ್ಟಿ ಬೆಳೆದ ಹುಡುಗ, ಅವನ ಹೆಂಡತಿಯ ಮದುವೆ ರವಿಕೆ ಹೊಲಿದವಳು ನಾನೇ. ಒಳ್ಳೆಯವನು. ಬೀದಿ ದೀಪ ಕೆಟ್ಟರೆ ತಾನೇ ನಿಂತು ಹಾಕಿಸುತ್ತಾನೆ, ಯಾರಿಗೆ ಮೈ ಸರಿ ಇಲ್ಲದಿದ್ದರೂ ಅವನ ಕಾರು ಬಾಗಿಲಿಗೆ ಬರುತ್ತದೆ. ಅವನ ಮನೆಯ ಜಗಲಿಯಲ್ಲಿ ಕೂತು ಒಬ್ಬೊಬ್ಬರಾಗಿ ಹೇಳಿದರು. ಗಂಡಸರು ಅವನಿಗೆ ಹೇಳಿದರು, ಹೆಂಗಸರು ಅವನ ತಾಯಿಗೆ ಹೇಳಿದರು. ಒಂದು ಮದುವೆ ಊಟದ ಪಂಕ್ತಿಯಲ್ಲೂ ಹೇಳಿದರಂತೆ. ಅವನು ಎಲ್ಲರಿಗೂ, "ಕಾಂಬ, ಕಾಂಬ, ಎಂತ ಮಾಡುಕಾತ್ ಕಾಂಬ" ಎಂದ. ನೋಡೋಣ ಎಂದರೆ ಆಯಿತು ಎಂದೇ ಲೆಕ್ಕ ನಮ್ಮಲ್ಲಿ. ಹೇಳಿದವರೆಲ್ಲ ಎದೆಯ ಭಾರ ಇಳಿಸಿಕೊಂಡು ಮನೆಗೆ ಬಂದು ಮಲಗಿದರು.

ಅಹವಾಲಿನ ದಿನ ನನಗೆ ಒಂದು ಮದುವೆಯ ರವಿಕೆಗಳನ್ನು ಮುಗಿಸಿ ಕೊಡಲಿತ್ತು. ಮುಗಿಸಿ ಓಡುವಷ್ಟರಲ್ಲಿ ಸಭೆ ಮುಗಿದಿತ್ತು. ನಮ್ಮವರೆಲ್ಲ ಪುರಸಭೆಯ ಮೆಟ್ಟಿಲ ಮೇಲೆ ನಿಂತಿದ್ದರು, ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವಂತೆ ಮಾತಾಡುತ್ತಿದ್ದರು. ಬಾವಿ ಮುಚ್ಚಿದರೆ ನೋಡಿಕೊಳ್ಳುತ್ತೇವೆ, ಲಾರಿ ಮಣ್ಣು ತಂದರೆ ಅಡ್ಡ ಮಲಗುತ್ತೇವೆ. ಒಳಗೆ ಚೆನ್ನಾಗಿ ನಡೆದಿರಬೇಕು ಎಂದುಕೊಂಡೆ.

"ಎಲ್ಲಾ ಹೇಳಿದ್ರಾ?" ಎಂದು ಚಿಕ್ಕಮ್ಮನನ್ನು ಕೇಳಿದೆ.

"ಎಂತ ಹೇಳುದ್ ಹೆಣೆ?" ಎಂದರು ಚಿಕ್ಕಮ್ಮ. "ಹೋಯಿ ಕೂತದ್ದೇ ಚಾ ಕೊಟ್ರ್, ಬಿಸ್ಕೀಟ್ ಕೊಟ್ರ್. ಅವ್ನೂ ಅಲ್ಲೇ ಎದ್ರಿಗೆ ಕೂತಿದ್ದ. ಅವ್ರ್ ಚಾ ಕುಡ್ದ್ ಅವ್ರಿಗೇ ಆತಿಲ್ಲೆ ಅಂಬುದ್ ಹ್ಯಾಂಗೆ?"

"ಹಾಂಗಾರೆ ಯಾರೂ ಬಾಯ್ ಬಿಡ್ಲಿಲ್ಯಾ?"

"ಅವ್ನ್ ಹತ್ರ ಮನೆಗ್ ಹೋಯಿ ಹೇಳಿ ಆಯ್ತಲೆ. ಮತ್ತೆ ಎಷ್ಟ್ ಸಲ ಹೇಳುದ್?"

ನನಗೆ ಬಂದ ಸಿಟ್ಟಿಗೆ ಅಲ್ಲೇ ಒಂದು ಕತ್ತರಿ ಇದ್ದಿದ್ದರೆ ಏನಾದರೂ ಕತ್ತರಿಸುತ್ತಿದ್ದೆ. ಮೆಟ್ಟಿಲ ಮೇಲೆ ಇಷ್ಟು ದೊಡ್ಡ ಬಾಯಿ ಮಾಡುವವರು ಹತ್ತು ಹೆಜ್ಜೆ ಒಳಗೆ ಮೂಕರಾಗಿ ಕೂತಿದ್ದರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆಯನ್ನು ಅವತ್ತು ನಾನು ಪುರಸಭೆಯ ಅಂಗಳದಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದೆ. ಒಬ್ಬಿಬ್ಬರು ನಕ್ಕರು, ಉಳಿದವರು ಮನೆಗೆ ಹೊರಟರು.

ಮರುದಿನ ಬೆಳಿಗ್ಗೆ ಮೆಷಿನಿಗೆ ಬಟ್ಟೆ ಹೊದಿಸಿ ಸೀದಾ ಮುಖ್ಯಾಧಿಕಾರಿಗಳ ಕೋಣೆಗೆ ಹೋದೆ. ಅವರು ಬಯಲುಸೀಮೆಯ ಕಡೆಯಿಂದ ವರ್ಗವಾಗಿ ಬಂದವರು, ನಮ್ಮ ಮಾತಿನ ಓಟಕ್ಕೆ ಇನ್ನೂ ಕಿವಿ ಹೊಂದಿಸಿಕೊಳ್ಳುತ್ತಿದ್ದವರು. ಬಾವಿ ಬಳಕೆಯಲ್ಲಿಲ್ಲ ಎಂದು ಬರೆದದ್ದು ಯಾರು ಎಂದು ಕೇಳಿದೆ.

"ಇಂಜಿನಿಯರ್ ಬಂದು ನೋಡ್ಯಾರಲ್ರೀ" ಎಂದು ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಬಾವಿಯ ಫೋಟೋ. ಕಟ್ಟೆಯ ಮೇಲೆ ಹಾವಸೆ, ಸುತ್ತ ಮೊಣಕಾಲೆತ್ತರದ ಹುಲ್ಲು, ರಾಟೆ ಇದೆ, ರಾಟೆಯಲ್ಲಿ ಹಗ್ಗ ಇಲ್ಲ. "ಹಗ್ಗಾನೇ ಇಲ್ಲ. ನೀರು ಸೇದೋರು ಇದ್ರ ಹಗ್ಗ ಇರಬೇಕಲ್ಲ?"

ಫೋಟೋ ತೆಗೆದದ್ದು ಸುರಿಯುವ ಮಳೆಗಾಲದಲ್ಲಿ. ಆಗ ನಮ್ಮ ನಮ್ಮ ಮನೆ ಬಾವಿಗಳೇ ತುಂಬಿ ಸಿಹಿಯಾಗಿರುತ್ತವೆ, ಸರ್ಕಾರಿ ಬಾವಿಗೆ ಯಾರು ಹೋಗುತ್ತಾರೆ? ಹಗ್ಗವಂತೂ ಬೇಸಗೆಯಲ್ಲಿ ಹೋದರೂ ಅವರಿಗೆ ಅಲ್ಲಿ ಸಿಗುತ್ತಿರಲಿಲ್ಲ. ನಮ್ಮ ಕೇರಿಯಲ್ಲಿ ಹಗ್ಗವನ್ನು ಬಾವಿಯಲ್ಲಿ ಬಿಡುವ ಪದ್ಧತಿಯೇ ಇಲ್ಲ. ಕೊಡಪಾನದ ಜೊತೆ ಹಗ್ಗವನ್ನೂ ಹೆಗಲಿಗೆ ಹಾಕಿಕೊಂಡು ಹೋಗುವುದು, ಸೇದಿ ಆದ ಮೇಲೆ ಸುರುಳಿ ಸುತ್ತಿ ಮನೆಗೆ ತರುವುದು. ಅಜ್ಜಿಯಂದಿರ ಕಾಲದಲ್ಲಿ ಯಾರ ಹಗ್ಗವನ್ನು ಯಾರು ಮುಟ್ಟಬಾರದು ಎಂಬ ಕೆಟ್ಟ ಲೆಕ್ಕವೊಂದಿತ್ತು. ಆ ಲೆಕ್ಕ ಹೋಯಿತು, ಹೋದದ್ದು ಒಳ್ಳೆಯದೇ ಆಯಿತು. ಹಗ್ಗ ಮನೆಗೊಯ್ಯುವ ಅಭ್ಯಾಸ ಮಾತ್ರ ಏಕೆಂದು ಕೇಳುವವರಿಲ್ಲದೆ ಉಳಿದುಕೊಂಡಿದೆ.

ಇದನ್ನೆಲ್ಲ ನಾನು ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು, ನಗಲಿಲ್ಲ. ಆಮೇಲೆ ಅಹವಾಲಿನ ನಡಾವಳಿಯನ್ನು, ಅಂದರೆ ಸಭೆಯಲ್ಲಿ ಆದ ಮಾತನ್ನು ಬರೆದಿಟ್ಟ ಪುಟವನ್ನು, ನನ್ನ ಮುಂದಿಟ್ಟರು. ಕೇರಿಯ ಇಷ್ಟು ಜನ ಹಾಜರಿದ್ದರು, ಯಾರಿಂದಲೂ ಆಕ್ಷೇಪಣೆ ಬಂದಿರುವುದಿಲ್ಲ.

"ನೀವು ಹೇಳೋದು ಖರೇ ಇರಬಹುದು ತಾಯಿ" ಎಂದರು. "ಆದರ ಅಷ್ಟೂ ಮಂದಿ ನನ್ನ ಮುಂದ ಕುಂತಿದ್ರು. ಒಬ್ಬರೂ ಒಂದು ಮಾತು ಅನ್ನಲಿಲ್ಲ. ಅನ್ನದೇ ಇದ್ದದ್ದನ್ನ ನಾ ಹ್ಯಾಂಗ ಬರೀಲಿ?"

ಕೊನೆಗೆ ಅವರೇ ದಾರಿ ಹೇಳಿದರು. ಆಕ್ಷೇಪಣೆಯ ಅವಧಿ ಇನ್ನೂ ಮುಗಿದಿಲ್ಲ, ನಾನು ಒಂದು ಅರ್ಜಿ ಕೊಟ್ಟರೆ ಅದರ ಮೇಲೆ ಇನ್ನೊಮ್ಮೆ ಸಭೆ ಕರೆಯಬಹುದು. ಆದರೆ ನನ್ನೊಬ್ಬಳ ಮಾತಿನ ಮೇಲೆ ಬಾವಿ ಬಳಕೆಯಲ್ಲಿದೆ ಎಂದು ಆಗುವುದಿಲ್ಲ. ಬಳಸುವವರೇ ಬಂದು, ಸಭೆಯಲ್ಲಿ ನಿಂತು, ತಮ್ಮ ಬಾಯಿಂದ ಹೇಳಬೇಕು. ಅಲ್ಲೇ ಕೂತು ಅರ್ಜಿ ಬರೆದುಕೊಟ್ಟೆ. ಮನೆಗೆ ಬರುವಾಗ ಮನಸ್ಸಿನಲ್ಲಿ ಒಂದೇ ಗುರಿ ಇತ್ತು. ಈ ಜನರ ಬಾಯಿಯನ್ನು ಆ ಹತ್ತು ಹೆಜ್ಜೆ ಒಳಗೆ ಕರೆದುಕೊಂಡು ಹೋಗದೆ ನಾನು ಬಿಡುವುದಿಲ್ಲ.

ಹೇಳಿದಷ್ಟು ಸುಲಭವಾಗಲಿಲ್ಲ. ಸಂಜೆ ಅಂಗಡಿ ಮುಚ್ಚಿದ ಮೇಲೆ ಮನೆಮನೆ ಹತ್ತಿದೆ. ಒಂದು ಮನೆಯ ಗಂಡಸು, "ನೀವ್ ಹೇಳಿನಿ ಅಕ್ಕ, ನಾವ್ ಹಿಂದ್ ಕೂಕಂಡ್ ಹೌದ್ ಅಂತೊ" ಎಂದ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ನನಗೇ ಕಾನೂನು ಹೇಳಿಕೊಟ್ಟರು, ಹಾಗಾದರೆ ಅದನ್ನು ಸಭೆಯಲ್ಲಿ ಹೇಳಿ ಎಂದರೆ ಬೆನ್ನುನೋವೆಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರೇ ಎಲ್ಲ. ಯಾರಿಗೂ ಹೆದರಿಕೆ ಇರಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಅವರಿಗಿದ್ದದ್ದು ಸಂಕೋಚ. ನಾಳೆ ಬೆಳಗಾದರೆ ಸದಸ್ಯನ ಮುಖ ನೋಡಬೇಕಲ್ಲ ಎಂಬ ಸಂಕೋಚ. ಹೆದರಿಕೆಯಾದರೆ ಬೈದು ಬಿಡಿಸಬಹುದು, ಈ ಸಂಕೋಚವನ್ನು ಬಿಡಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಚಿಕ್ಕಮ್ಮನ ಮನೆಯಲ್ಲಂತೂ ಜಗಳವೇ ಆಯಿತು. ಅವರ ಗಂಡನಿಗೆ ಎದೆನೋವು ಬಂದಾಗ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ಇದೇ ಸದಸ್ಯ. ಕೊನೆಯವರೆಗೂ ಜೊತೆಗಿದ್ದವನು.

"ಅವ್ನ್ ಎದ್ರಿಗೆ ನಿತ್ಕಂಡ್ ನಾನ್ ಹ್ಯಾಂಗ್ ಹೇಳ್ಲಿ? ನಾಲ್ಗಿ ಎದ್ದಿತಾ ನಂಗೆ?" ಎಂದರು.

"ಹಾಂಗಾರೆ ಸಂಡ್ಗಿ ಹಿಟ್ಟ್ ಕಾಯ್ಸುಕೆ ನೀರ್ ಎಲ್ಲಿಂದ ತತ್ರಿ? ಅವ್ನ ಕಾರಂಗೆ ತರ್ಸ್ಕಂತ್ರ್ಯಾ?" ಎಂದುಬಿಟ್ಟೆ.

ಚಿಕ್ಕಮ್ಮ ಎದ್ದು ಒಳಗೆ ಹೋದರು. ಮೂರು ನಾಲ್ಕು ದಿನ ನನ್ನೊಡನೆ ಮಾತಿಲ್ಲ. ನಾನೂ ಮಾತಾಡಿಸಲು ಹೋಗಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಸರ್ಕಾರಿ ಬಾವಿಯ ಕಡೆಗೇ ಕಣ್ಣಿಟ್ಟಿದ್ದೆ, ಆಗಲೇ ಮನೆಬಾವಿಗಳು ಉಪ್ಪಾಗತೊಡಗಿದ್ದವು. ಅವರು ಬಂದರು, ಸೇದಿದರು, ಮುಖ ತಿರುಗಿಸಿಕೊಂಡು ಹೋದರು. ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಆದರೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಮಾತ್ರ ಅನ್ನಿಸಲಿಲ್ಲ.

ಸಭೆಗೆ ಎರಡು ದಿನ ಇರುವಾಗ ಅಂಗಡಿಗೆ ಬಂದು ಪರದೆಯ ಹತ್ತಿರ ನಿಂತರು. ನಾನು ಕಾಜ ಹೊಲಿಯುತ್ತಿದ್ದೆ, ತಲೆ ಎತ್ತಲಿಲ್ಲ.

"ಹ್ವಾಯ್, ಸಭಿಗೆ ಹೋಪತಿಗೆ ಯಾವ್ ಸೀರಿ ಉಡ್ಕ್?" ಎಂದರು.

ನನಗೆ ಅಳುವೂ ಬಂತು, ನಗುವೂ ಬಂತು. ನೀಲಿ ಸೀರೆ ಉಡಿ ಎಂದೆ. ಅದಕ್ಕೊಂದು ರವಿಕೆಯನ್ನು ಅವತ್ತೇ ಹೊಲಿದು ಕೊಟ್ಟೆ.

ಚಿಕ್ಕಮ್ಮ ಹೊರಡುತ್ತಾರೆ ಎಂದ ಮೇಲೆ ಉಳಿದವರಿಗೂ ಕೂತಲ್ಲಿ ಕೂರಲಾಗಲಿಲ್ಲ. ಎಲ್ಲರಿಗೂ ಎರಡೇ ಮಾತು ಹೇಳಿದೆ. ಸಭೆ ಮುಗಿಯುವವರೆಗೆ ಯಾರೂ ಸದಸ್ಯನ ಜಗಲಿ ಹತ್ತಬಾರದು. ಸಭೆಯಲ್ಲಿ ಹೇಳಿ ಆಗುವವರೆಗೆ ಯಾರೂ ಚಾ ಮುಟ್ಟಬಾರದು. ಆಮೇಲೆ ನಾನೊಬ್ಬಳೇ ಅವನ ಮನೆಗೆ ಹೋದೆ. ಕದ್ದು ಮಾಡುವ ಕೆಲಸ ಇದಲ್ಲ. ಅವನು ಕುರ್ಚಿ ಎಳೆದು ಕೊಟ್ಟ, ನಾನು ಕೂರಲಿಲ್ಲ.

"ನಾಡ್ದ್ ಸಭಿಯಂಗೆ ನಾವ್ ಬಾವಿ ಮುಚ್ಚುಕಾಗ ಅಂದ್ಹೇಳಿ ಹೇಳ್ತೊ. ನಿನ್ ಎದ್ರಿಗೇ ಹೇಳ್ತೊ. ಮುಂಚೆ ನಿಂಗ್ ಗೊತ್ತಿರ್ಲಿ ಅಂದ್ಹೇಳಿ ಬಂದೆ" ಎಂದೆ.

"ಅದಕ್ ಅಲ್ಲಿವರಿಗ್ ಎಂತಕ್ಕಾ? ಇಲ್ಲೇ ಹೇಳಿನಿ, ನಾನ್ ಇಲ್ಯಾ?" ಎಂದ. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ.

"ಈ ಜಗ್ಲಿಯಂಗೆ ಹೇಳಿದ್ದನ್ನ ಬರ್ಕಂಬವ್ರ್ ಯಾರೂ ಇಲ್ಲೆ" ಎಂದು ಹೇಳಿ ಬಂದೆ.

ಸಭೆಯ ದಿನ ಸೆಕೆ ಎಂದರೆ ಸೆಕೆ. ಮುಖ್ಯಾಧಿಕಾರಿ ನಡುವೆ, ಒಂದು ಪಕ್ಕ ಅಧ್ಯಕ್ಷರು, ಇನ್ನೊಂದು ಪಕ್ಕ ನಮ್ಮ ಸದಸ್ಯ, ಮೂಲೆಯಲ್ಲಿ ಬರೆದುಕೊಳ್ಳುವ ಗುಮಾಸ್ತ. ಕೂರುವಷ್ಟರಲ್ಲಿ ಚಾ ಬಂತು. ಒಬ್ಬೊಬ್ಬರೂ ಕೈ ಅಡ್ಡ ಹಿಡಿದು ಬೇಡವೆಂದರು. ಚಾ ತಂದವನಿಗೆ ಮುಖ ಸಣ್ಣದಾಯಿತು, ಸಕ್ಕರೆ ಹೆಚ್ಚಾಯಿತೇ ಎಂದು ಪಾಪ ಕೇಳಿಯೂ ಕೇಳಿದ. ತಟ್ಟೆ ಹಾಗೇ ಮೇಜಿನ ಮೇಲೆ ಕೂತಿತು.

ಮೊದಲು ಸದಸ್ಯ ಮಾತಾಡಿದ. ಪೇಟೆಯಲ್ಲಿ ಬೈಕು ನಿಲ್ಲಿಸುವ ಕಷ್ಟ, ತೆರೆದ ಬಾವಿಯ ಅಪಾಯ, ಅಂಗಡಿಯವರ ಬೇಡಿಕೆ. ಎಲ್ಲ ಸರಿಯಾಗಿಯೇ ಹೇಳಿದ. ಆಮೇಲೆ ನನ್ನನ್ನು ಕರೆದರು. ಮನೆಯಲ್ಲಿ ಅಷ್ಟು ಸಲ ಹೇಳಿಕೊಂಡದ್ದು ನಿಂತ ಕೂಡಲೇ ಕಲಸಿಹೋಯಿತು. ಮಳೆಗಾಲ, ಬೇಸಗೆ, ಹಗ್ಗ ಎಲ್ಲ ಹಿಂದುಮುಂದಾಗಿ ಬಂತು, ಆದರೆ ಬಂತು. ಮುಖ್ಯಾಧಿಕಾರಿಗಳು ತಲೆಯಾಡಿಸಿ, ಮುಂದೆ ಯಾರು ಎಂದರು.

ಯಾರೂ ಏಳಲಿಲ್ಲ. ಹಿಂದೆ ತಿರುಗಿ ನೋಡಿದೆ. ಒಬ್ಬರು ಚಪ್ಪಲಿ ನೋಡುತ್ತಿದ್ದರು, ಒಬ್ಬರು ಗೋಡೆಯ ಕ್ಯಾಲೆಂಡರು. ಬೆನ್ನುನೋವಿನ ಹಿರಿಯರು ಬಂದಿದ್ದರು, ಕಣ್ಣು ಮುಚ್ಚಿದ್ದರು. ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ. ಮುಗಿಯಿತು ಎಂದುಕೊಂಡೆ.

ಆಗ ಚಿಕ್ಕಮ್ಮ ಎದ್ದು ನಿಂತರು. ಮುಖ್ಯಾಧಿಕಾರಿಗಳ ಕಡೆ ನೋಡಲೇ ಇಲ್ಲ, ಸೀದಾ ಸದಸ್ಯನ ಮುಖ ನೋಡಿದರು.

"ಮಗಾ, ನಮ್ಮವ್ರನ್ನ ನೀನ್ ಆಸ್ಪತ್ರಿಗ್ ಕರ್ಕಂಡ್ ಹೋದ್ದ್ ನಾನ್ ಸಾಯುವರಿಗೂ ಮರಿತಿಲ್ಲೆ. ನಿಂಗ್ ಒಳ್ಳೇದಾಯ್ಲಿ ಅಂದ್ಹೇಳಿ ಹಟ್ಟಿಯಂಗಡಿ ಗಣಪತಿಗೆ ಈಗ್ಳೂ ಕೈ ಮುಗಿತೆ. ಅದ್ ಬೇರೆ, ಇದ್ ಬೇರೆ. ಬಾವಿ ಮುಚ್ಚುಕಾಗ. ಅದ್ರ ನೀರಂಗೇ ನಾನ್ ಬದ್ಕದ್ದ್. ಬೇಸ್ಗಿಯಂಗ್ ಬೇರೆ ನೀರ್ ನಂಗಿಲ್ಲೆ."

ಇಷ್ಟು ಹೇಳಿ ಕೂರಲು ಹೋದರು. ಮುಖ್ಯಾಧಿಕಾರಿಗಳು ಗುಮಾಸ್ತನಿಗೆ ಬರೆದದ್ದನ್ನು ಓದಲು ಹೇಳಿದರು. ಅವನು ಓದಿದ: "ಸದರಿಯವರು ಬಾವಿಯ ವಿಚಾರವನ್ನು ಮರುಪರಿಶೀಲಿಸುವಂತೆ ಕೋರಿರುತ್ತಾರೆ."

ಚಿಕ್ಕಮ್ಮ ಅರ್ಧ ಕೂತವರು ಮತ್ತೆ ಎದ್ದರು. "ನಾನ್ ಎಂತದೂ ಕೋರ್ಲಿಲ್ಲೆ ಮಗಾ. ಮುಚ್ಚುಕಾಗ ಅಂದೆ. ಹಾಂಗೇ ಬರಿ."

ಗುಮಾಸ್ತ ಮುಖ್ಯಾಧಿಕಾರಿಗಳ ಮುಖ ನೋಡಿದ. ಅವರು, "ಅವರು ಹೇಳಿದ್ಹಂಗ ಬರೀಪಾ" ಎಂದರು. ಅವನು ಅದನ್ನು ಹೊಡೆದು ಹಾಕಿ, ಮುಚ್ಚಬಾರದು ಎಂದೇ ಬರೆದ. ಚಿಕ್ಕಮ್ಮ ಇನ್ನೊಮ್ಮೆ ಓದಿಸಿ ಕೇಳಿದ ಮೇಲೆಯೇ ಕೂತರು.

ಆಮೇಲೆ ಹಿಡಿಯುವವರಿರಲಿಲ್ಲ. ಬ್ಯಾಂಕಿನ ಹಿರಿಯರು ಎದ್ದು ಕಾನೂನು ಶುರು ಮಾಡಿದರು, ಅವರು ಮುಗಿಸುವ ಮೊದಲೇ ಇನ್ನೊಬ್ಬಳು ತನ್ನ ಬಾವಿಯ ಉಪ್ಪಿನ ಕಥೆ ತೆಗೆದಳು, ಹಿಂದೆ ಕೂತು ಹೌದು ಎನ್ನುತ್ತೇನೆಂದವನು ಮುಂದೆ ಬಂದು ನಿಂತಿದ್ದ. ಒಬ್ಬೊಬ್ಬರಾಗಿ ಹೇಳಿ ಎಂದು ಅಧ್ಯಕ್ಷರು ಮೇಜು ಕುಟ್ಟಬೇಕಾಯಿತು. ಎಲ್ಲರೂ ತಮ್ಮದನ್ನು ಹೇಳಿ, ಗುಮಾಸ್ತನ ಹತ್ತಿರ ಓದಿಸಿ ಕೇಳಿ, ಆಮೇಲೆ ಆರಿ ತಣ್ಣಗಾದ ಚಾ ಕುಡಿದರು.

ಕೊನೆಗೆ ಉಳಿದದ್ದು ನಮ್ಮ ಸದಸ್ಯ. ಮುಖ್ಯಾಧಿಕಾರಿಗಳು, ನಿಮಗೆ ಇದು ಮೊದಲೇ ಗೊತ್ತಿತ್ತೇ ಎಂದು ಕೇಳಿದರು. ಗೊತ್ತಿರಲಿಲ್ಲ ಎಂದು ಅವನು ಜಾರಿಕೊಳ್ಳಬಹುದಿತ್ತು.

"ಗೊತ್ತಿತ್ತ್ ಸಾರ್" ಎಂದ. "ಮನೆಗ್ ಬಂದ್ ಎಲ್ಲರೂ ಹೇಳಿದ್ರ್. ಇಲ್ಲ್ ಯಾರೂ ಹೇಳ್ದೇ ಇಪ್ಪತಿಗೆ, ಮನ್ಸ್ ಬದ್ಲಾಯ್ತ್ ಕಾಣತ್ ಅಂದ್ಹೇಳಿ ಸುಮ್ನಾದೆ." ಅದನ್ನೂ ಗುಮಾಸ್ತ ಬರೆದುಕೊಂಡ.

ಮುಂದಿನ ಸಾಮಾನ್ಯ ಸಭೆಯಲ್ಲಿ ನಮ್ಮ ಬಾವಿಯನ್ನು ಮುಚ್ಚುವ ಪಟ್ಟಿಯಿಂದ ಕೈಬಿಟ್ಟರು. ಒಂದು ಷರತ್ತು ಹಾಕಿದರು. ಪ್ರತಿ ವರ್ಷ ಬೇಸಗೆಯಲ್ಲಿ ಬಂದು ನೋಡುತ್ತಾರೆ, ಬಳಸುವವರು ಸಭೆಗೆ ಬಂದು ಬಳಕೆಯಲ್ಲಿದೆ ಎಂದು ಹೇಳಬೇಕು. ಯಾರೂ ಹೇಳದ ವರ್ಷ ಬಾವಿ ಪಟ್ಟಿಗೆ ವಾಪಸ್ಸು.

ಗೆದ್ದದ್ದು ಪುಕ್ಕಟೆಯಾಗಿ ಬರಲಿಲ್ಲ. ಬೈಕಿಗೆ ಜಾಗ ತಪ್ಪಿಸಿದವಳು ಎಂದು ಪೇಟೆಯ ಕೆಲವು ಅಂಗಡಿಯವರ ಮನೆಯಿಂದ ಹೊಲಿಗೆ ಬರುವುದು ನಿಂತಿತು. ಅದನ್ನು ನಾನು ಲೆಕ್ಕಕ್ಕಿಡಲಿಲ್ಲ. ನೋವಾದದ್ದು ಬೇರೆಯದಕ್ಕೆ. ನಮ್ಮ ಸದಸ್ಯ ಎದುರಾದಾಗ ಬಾಯಿತುಂಬ ಅಕ್ಕಾ ಎನ್ನುತ್ತಿದ್ದವನು ಈಗ ಕೈ ಮುಗಿದು, "ನಮಸ್ಕಾರ ಮೇಡಂ" ಎನ್ನುತ್ತಾನೆ. ಮರ್ಯಾದೆಗೆ ಕಡಿಮೆಯಿಲ್ಲ. ಕೆಲಸ ಹೇಳಿದರೆ ಮಾಡಿಸಿಯೂ ಕೊಡುತ್ತಾನೆ. ಆದರೆ ಆ ಒಂದು ಮೇಡಂ ಅಂಗಿಯೊಳಗೆ ಉಳಿದ ಗುಂಡುಸೂಜಿಯಂತೆ ಚುಚ್ಚುತ್ತದೆ. ಚಿಕ್ಕಮ್ಮನನ್ನು ಮಾತ್ರ ಮೊದಲಿನಂತೆಯೇ ಕರೆಯುತ್ತಾನೆ. ಎದುರಿಗೆ ಬೇಡ ಎಂದವರು ಇಬ್ಬರೂ, ಎದುರು ಬಿದ್ದವಳು ಎಂಬ ಹೆಸರು ನನಗೊಬ್ಬಳಿಗೆ. ಆದರೂ ಇನ್ನೊಮ್ಮೆ ಮಾಡಬೇಕಾಗಿ ಬಂದರೆ ಇದನ್ನೇ ಮಾಡುತ್ತೇನೆ.

ಮರುವರ್ಷದ ಬೇಸಗೆಗೆ ನನ್ನ ಮಗಳ ಹೆರಿಗೆ. ಅವಳ ಮನೆ ಬ್ರಹ್ಮಾವರದ ಕಡೆ. ನಾನು ಅಲ್ಲಿಗೆ ಹೋಗಿ ಕೂತೆ, ಮಗು ಬಂದ ಮೇಲೆ ಬಿಟ್ಟು ಬರುವ ಹಾಗಿರಲಿಲ್ಲ. ಅಷ್ಟರಲ್ಲಿ ಬಾವಿಯ ಸಭೆಯ ದಿನ ಬಂತು. ನನಗೆ ಒಳಗೊಳಗೇ ಕುದಿ. ನಾನಿಲ್ಲದಿದ್ದರೆ ಇವರು ಮತ್ತೆ ಚಾ ಕುಡಿದು ಎದ್ದು ಬರುತ್ತಾರೆ, ಅಲ್ಲಿಗೆ ಬಾವಿಯೂ ಹೋಯಿತು, ನಾನು ಮೇಡಂ ಆದದ್ದೂ ದಂಡವಾಯಿತು. ಬೆಳಿಗ್ಗೆಯಿಂದ ಚಿಕ್ಕಮ್ಮನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಬ್ಯಾಂಕಿನ ಹಿರಿಯರಿಗೆ ಮಾಡಿದೆ, ಅವರೂ ಎತ್ತಲಿಲ್ಲ. ಮಗುವಿಗೆ ಎಣ್ಣೆ ಹಚ್ಚುತ್ತಾ ಇಡೀ ಕೇರಿಯನ್ನು ಬೈದೆ. ಮಗಳು, "ಮಗಿಗ್ ಎಂತಕ್ ಬೈತೆ ಅಮ್ಮ?" ಎಂದಳು.

ತಡೆಯಲಾಗದೆ ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಬಂದೆ. ಚಿಕ್ಕಮ್ಮ ಅಂಗಳದಲ್ಲಿ ಹಾಸಿದ ಪಂಚೆಯ ಮೇಲೆ ಸಂಡಿಗೆ ಒತ್ತುತ್ತಿದ್ದರು. ಬ್ಯಾಗನ್ನೂ ಕೆಳಗಿಡದೆ ಕೇಳಿದೆ.

"ಸಭಿ ಎಂತಾಯ್ತ್?"

"ಆಯ್ತ್" ಎಂದರು, ಕೈ ನಿಲ್ಲಿಸಲಿಲ್ಲ.

"ಯಾರಾರೂ ಹೇಳಿದ್ರಾ?"

"ಎಲ್ಲರೂ ಹೇಳಿದ್ರ್. ಬರ್ದದ್ದನ್ನ ಓದ್ಸಿ ಕೇಂಡ್ರ್. ಬಾವಿಗೆ ಎಂತದೂ ತೊಂದ್ರಿ ಇಲ್ಲೆ ಈ ವರ್ಷ."

ಬದುಕಿದೆ ಎನ್ನಿಸಿತು. ಆದರೆ ಅಷ್ಟಕ್ಕೆ ಸುಮ್ಮನಾಗುವ ಜಾತಕ ನನ್ನದಲ್ಲ.

"ನಾನ್ ಇಲ್ಲೆ ಅಂದ್ಹೇಳಿ ಯಾರೂ ಕೇಣ್ಲಿಲ್ಯಾ? ಒಂದ್ ಫೋನ್ ಮಾಡ್ಕ್ ಅಂದೂ ಕಾಣ್ಲಿಲ್ಯಾ ನಿಮ್ಗೆ?"

ಚಿಕ್ಕಮ್ಮ ಈಗ ತಲೆ ಎತ್ತಿ ನನ್ನ ಮುಖ ನೋಡಿದರು.

"ಎಂತಕ್ ಕೇಣ್ಕ್ ಹೆಣೆ? ನೀರ್ ನಿನ್ದೊಬ್ಳದ್ದಾ?"

ಚುರುಕ್ಕೆಂದಿತು. ಆಮೇಲೆ ಬ್ಯಾಗನ್ನು ಜಗಲಿಯ ಮೇಲಿಟ್ಟು, ಸೆರಗು ಸಿಕ್ಕಿಸಿ, ಬಾಯಿ ಮುಚ್ಚಿಕೊಂಡು ಅವರ ಪಕ್ಕದಲ್ಲಿ ಸಂಡಿಗೆ ಒತ್ತಲು ಕೂತೆ.